ಡಬ್ಬಿಗಿಂತ ಮೊದಲು ನೀರು: ಬಯಲುಸೀಮೆಯ ಕೂಸಿಗೆ ಪುಡಿ ಹಾಲು ಆರಿಸುವುದು ಹೇಗೆ

ಹೆರಿಗೆಯಾಗಿ ನಾಲ್ಕೈದು ದಿನಕ್ಕೆ ಕೂಸಿನ ಅಪ್ಪನೋ ಸೋದರಮಾವನೋ ಮೆಡಿಕಲ್ ಸ್ಟೋರಿನ ಮುಂದೆ ನಿಂತು ಕೇಳುವುದು ಒಂದೇ ಮಾತು: "ಯಾವ ಡಬ್ಬಿ ಒಳ್ಳೇದು?" ಅಂಗಡಿಯವರು ಎರಡು ಮೂರು ಪೆಟ್ಟಿಗೆ ತೆಗೆದು ಮುಂದಿಡುತ್ತಾರೆ. 400 ಗ್ರಾಮಿನ ಒಂದಕ್ಕೆ ನಾನೂರೈವತ್ತರ ಆಸುಪಾಸು, ಇನ್ನೊಂದಕ್ಕೆ ಎಂಟುನೂರಕ್ಕೂ ಮೇಲೆ. ದುಬಾರಿಯದ್ದೇ ಒಳ್ಳೆಯದಿರಬೇಕು ಎಂದು ಕೈಸಾಲ ಮಾಡಿಯಾದರೂ ಅದನ್ನೇ ಒಯ್ಯುವವರಿದ್ದಾರೆ. ಆ ಪುಡಿಯನ್ನು ಮನೆಯಲ್ಲಿ ಯಾವ ನೀರಿಗೆ ಬೆರೆಸುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಮಟ್ಟಿಗೆ ಮೊದಲು ಕೇಳಬೇಕಾದದ್ದೇ ಅದು.

ಕಾರಣ ಇಷ್ಟೇ. ಆರು ತಿಂಗಳೊಳಗಿನ ಮಕ್ಕಳಿಗೆಂದು ನಮ್ಮಲ್ಲಿ ಮಾರುವ ಪುಡಿ ಹಾಲು ಯಾವ ಕಂಪನಿಯದಾದರೂ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ಶಿಶು ಆಹಾರ ನಿಯಮಗಳ ಚೌಕಟ್ಟಿನೊಳಗೇ ಇರಬೇಕು. ಸರಿಯಾಗಿ ಕಲಸಿದ 100 ಮಿ.ಲೀ. ಹಾಲಿನಲ್ಲಿ ಶಕ್ತಿ ಸುಮಾರು 60ರಿಂದ 70 ಕಿಲೊಕ್ಯಾಲರಿ; ಪ್ರೋಟೀನ್, ಕೊಬ್ಬು, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಎಲ್ಲಕ್ಕೂ ಕೆಳಮಿತಿ, ಮೇಲ್ಮಿತಿ ಗೊತ್ತುಪಡಿಸಿದ್ದಾರೆ. ಹಾಗಾಗಿ ಡಬ್ಬಿಗೂ ಡಬ್ಬಿಗೂ ಇರುವ ವ್ಯತ್ಯಾಸ ಸಣ್ಣದು. ಈ ಊರಿನ ಬೋರ್‌ವೆಲ್ ನೀರಿಗೂ ಆ ಊರಿನದಕ್ಕೂ ಇರುವ ವ್ಯತ್ಯಾಸ ಅಷ್ಟು ಸಣ್ಣದಲ್ಲ. ಕಲಸಿದ ಹಾಲಿನ ಬಹುಪಾಲು ಇರುವುದು ನೀರೇ.

ಪುಡಿ ಬೇಕೇ ಬೇಕೆ?

ಡಬ್ಬಿ ಮನೆಗೆ ಬರುವುದು ಹೆಚ್ಚಾಗಿ "ಹಾಲು ಸಾಲ್ತಿಲ್ಲ" ಎಂಬ ಅನುಮಾನದ ಹಿಂದೆ. ಮೊದಲೆರಡು ದಿನ ಬರುವ ಗಿಣ್ಣು ಹಾಲು ಕೆಲವೇ ಚಮಚದಷ್ಟು. ಕೂಸಿನ ಹೊಟ್ಟೆ ಹಿಡಿಯುವುದೂ ಅಷ್ಟೇ. ಸಿಸೇರಿಯನ್ ಆದ ಬಾಣಂತಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ಇದೇ ಹೊತ್ತಿಗೆ ಕೂಸು ಅಳುತ್ತದೆ, ಮನೆಯವರು ಗಾಬರಿಯಾಗುತ್ತಾರೆ, ಡಬ್ಬಿ ಬರುತ್ತದೆ. ಡಬ್ಬಿ ಹಾಲು ಕುಡಿದ ಕೂಸು ಮೊಲೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ಉತ್ಪತ್ತಿಯೂ ಇಳಿಯುತ್ತದೆ. ಹತ್ತು ದಿನ ಕಳೆಯುವಷ್ಟರಲ್ಲಿ ಅನುಮಾನ ನಿಜವಾಗಿಬಿಟ್ಟಿರುತ್ತದೆ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಲು ಆಗದು. ಐದನೆಯ ದಿನದಿಂದಾಚೆಗೆ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ಉಚ್ಚೆ, ಅದೂ ತಿಳಿ ಬಣ್ಣದ್ದು. ಮೊದಲ ದಿನಗಳಲ್ಲಿ ಇಳಿದ ತೂಕ ಸುಮಾರು ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳುವುದು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುವುದು. ಇವು ಸರಿಯಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿದರೆ ಮಾತ್ರ ಆ ಅಂಕಿಗೆ ಬೆಲೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲು ಮಾತ್ರ ಕುಡಿಯುವವರು ಶೇ 63.7. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕಿದ್ದು ಶೇ 41.8 ಮಕ್ಕಳನ್ನು ಮಾತ್ರ. ಡಬ್ಬಿಯ ಕಥೆ ಶುರುವಾಗುವುದು ಈ ಮೊದಲ ಗಂಟೆಗಳಲ್ಲೇ.

ಪುಡಿ ನಿಜವಾಗಿಯೂ ಬೇಕಾಗುವ ಸಂದರ್ಭಗಳೂ ಇವೆ. ತಾಯಿ ಇಲ್ಲದ ಕೂಸು, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುತ್ತಿರುವ ತಾಯಿ, ಎದೆಹಾಲನ್ನೂ ಜೀರ್ಣಿಸಿಕೊಳ್ಳಲಾಗದ ಗ್ಯಾಲಕ್ಟೊಸೀಮಿಯಾದಂಥ ಅಪರೂಪದ ಕಾಯಿಲೆ, ತೂಕ ತೀರಾ ಇಳಿದು ರಕ್ತದ ಸಕ್ಕರೆ ಬಿದ್ದ ನವಜಾತ ಶಿಶು, ಕೆಲಸಕ್ಕೆ ಹೋಗಲೇಬೇಕಾದ ತಾಯಿ. ಇವರಲ್ಲಿ ಯಾರೂ ತಪ್ಪು ಮಾಡಿಲ್ಲ. ಅವರಿಗೆ ಬೇಕಿರುವುದು ಬುದ್ಧಿಮಾತಲ್ಲ, ಸರಿಯಾದ ಅಳತೆ ಮತ್ತು ಸರಿಯಾದ ನೀರು.

ಕುದಿಸಿದರೆ ಹೋಗದ್ದು

ನಮ್ಮ ಮೂರೂ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳಲ್ಲಿ ಗ್ರಾನೈಟ್ ಕಲ್ಲಿನ ಸಂದಿಯಿಂದ ಬರುವ ನೀರೇ ಬಹುತೇಕ ಹಳ್ಳಿಗಳಿಗೆ ಆಧಾರ. ಆ ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹಲ್ಲು ಕಂದಿದ ಮಕ್ಕಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಈ ಮಿತಿ ನೀರು ಕುಡಿದು, ಅನ್ನ ಮುದ್ದೆಯನ್ನೂ ತಿನ್ನುವವರನ್ನು ಗಮನದಲ್ಲಿಟ್ಟುಕೊಂಡದ್ದು. ಪುಡಿ ಹಾಲಿನ ಕೂಸಿಗೆ ನೀರೇ ಊಟ.

ಲೆಕ್ಕ ಹಾಕಿ ನೋಡೋಣ. ನೀರಿನಲ್ಲಿ ಲೀಟರಿಗೆ 2 ಮಿ.ಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಳ್ಳಿ. 4 ಕೆ.ಜಿ. ತೂಕದ ಕೂಸು ದಿನಕ್ಕೆ ಸುಮಾರು 600 ಮಿ.ಲೀ. ಹಾಲು ಕುಡಿಯುತ್ತದೆ, ಅದರಲ್ಲಿ ನೀರು 540 ಮಿ.ಲೀ. ಅಂದರೆ ದಿನಕ್ಕೆ ಒಂದು ಮಿ.ಗ್ರಾಂಗೂ ಸ್ವಲ್ಪ ಹೆಚ್ಚು ಫ್ಲೋರೈಡ್, ತೂಕದ ಪ್ರತಿ ಕೆ.ಜಿ.ಗೆ 0.27 ಮಿ.ಗ್ರಾಂ. ಅದೇ ನೀರನ್ನು ದಿನಕ್ಕೆ 3 ಲೀಟರ್ ಕುಡಿಯುವ 60 ಕೆ.ಜಿ. ತೂಕದ ಅಪ್ಪನಿಗೆ ಕೆ.ಜಿ.ಗೆ 0.1 ಮಿ.ಗ್ರಾಂ ಮಾತ್ರ. ಶಿಶುಗಳಿಗೆ ಅಮೆರಿಕದ ತಜ್ಞರು ಹಾಕಿರುವ ಮೇಲ್ಮಿತಿಯೂ ಕೆ.ಜಿ.ಗೆ 0.1 ಮಿ.ಗ್ರಾಂ. ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಜೀವಕ್ಕೆ ಎಲ್ಲರಿಗಿಂತ ಎರಡೂವರೆ ಪಾಲು ಹೆಚ್ಚು. ಇದರ ಗುರುತು ತಕ್ಷಣ ಕಾಣುವುದೂ ಇಲ್ಲ. ಕಾಯಂ ಹಲ್ಲಿನ ಎನಾಮೆಲ್ ಕಟ್ಟುವುದು ಬದುಕಿನ ಮೊದಲ ವರ್ಷಗಳಲ್ಲಿ. ಬಿಳಿ ಮಚ್ಚೆ, ಕಂದು ಗೆರೆ ಹೊರಗೆ ಕಾಣುವುದು ಆರೇಳು ವರ್ಷಕ್ಕೆ ಆ ಹಲ್ಲು ಮೂಡಿದಾಗ.

ಎದೆಹಾಲಿನ ವಿಷಯದಲ್ಲಿ ಇದು ತಿರುಗುಮುರುಗು. ತಾಯಿ ಫ್ಲೋರೈಡ್ ನೀರನ್ನೇ ಕುಡಿದರೂ ಅವಳ ಹಾಲಿಗೆ ಅದು ಬರುವುದು ಅತ್ಯಲ್ಪ, ಲೀಟರಿಗೆ ಒಂದು ಮಿ.ಗ್ರಾಂನ ನೂರನೇ ಒಂದು ಪಾಲಿನ ಆಸುಪಾಸು. ನಮ್ಮ ಸೀಮೆಯಲ್ಲಿ ಎದೆಹಾಲನ್ನು ಉಳಿಸಿಕೊಳ್ಳಬೇಕು ಎನ್ನುವುದಕ್ಕೆ ಬೇರೆಲ್ಲ ಕಾರಣಗಳ ಜೊತೆಗೆ ಇದೂ ಒಂದಿದೆ. ಆಸ್ಪತ್ರೆಯ ಗೋಡೆಯ ಮೇಲಿನ ಪೋಸ್ಟರುಗಳಲ್ಲಿ ಇದನ್ನು ಬರೆಯಬೇಕಿತ್ತು.

"ಕುದಿಸಿ ಆರಿಸಿದ ನೀರು" ಎಂಬ ಮಾತಿನ ಮೇಲೆ ನಮಗೆ ಅಪಾರ ನಂಬಿಕೆ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಫ್ಲೋರೈಡ್ ಸಾಯುವ ವಸ್ತುವಲ್ಲ. ಒಂದು ಲೀಟರ್ ನೀರನ್ನು ಕುದಿಸಿ ಮುಕ್ಕಾಲು ಲೀಟರಿಗೆ ಇಳಿಸಿದರೆ 2 ಮಿ.ಗ್ರಾಂ ಇದ್ದದ್ದು ಲೀಟರಿಗೆ 2.7 ಮಿ.ಗ್ರಾಂನಷ್ಟು ಗಟ್ಟಿಯಾಗುತ್ತದೆ. ನೈಟ್ರೇಟ್ ಕಥೆಯೂ ಹಾಗೆಯೇ. ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿ, ಹೊಲಕ್ಕೆ ಸುರಿದ ಯೂರಿಯಾ ಇವುಗಳ ಹತ್ತಿರದ ಬೋರ್‌ನಲ್ಲಿ ನೈಟ್ರೇಟ್ ಏರುತ್ತದೆ. ಮಿತಿ ಲೀಟರಿಗೆ 45 ಮಿ.ಗ್ರಾಂ. ಮೂರು ತಿಂಗಳೊಳಗಿನ ಕೂಸಿಗೆ ಅದು ಹೆಚ್ಚಾಗಿ ಸೇರಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಹಾಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಯಾವ ನೀರಿನಲ್ಲಿ ಹಾಲು ಕಲಸಿದಿರಿ ಎಂಬುದನ್ನೂ ವೈದ್ಯರಿಗೆ ಹೇಳಬೇಕು. ಕ್ಯಾಂಡಲ್ ಫಿಲ್ಟರ್, ಯು.ವಿ. ದೀಪದ ಫಿಲ್ಟರ್, ಬಟ್ಟೆ ಸೋಸುವಿಕೆ ಯಾವುದೂ ಫ್ಲೋರೈಡನ್ನಾಗಲಿ ನೈಟ್ರೇಟನ್ನಾಗಲಿ ತೆಗೆಯುವುದಿಲ್ಲ. ಕೆಲವು ಊರುಗಳ ಬೋರ್‌ನೀರಿನಲ್ಲಿ ಅಧ್ಯಯನಗಳು ಕಂಡ ಯುರೇನಿಯಂಗೂ ಇದೇ ಮಾತು.

ತೆಗೆಯುವುದು ಆರ್.ಒ., ಅಂದರೆ ನೀರನ್ನು ಒತ್ತಡದಲ್ಲಿ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ವಿಧಾನ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿಯುವ 20 ಲೀಟರಿನ ಕ್ಯಾನ್ ಕೂಸಿನ ಹಾಲಿಗೆ ಸರಿಯಾದ ಆಯ್ಕೆ. ಆದರೆ ಎರಡು ಷರತ್ತಿನ ಮೇಲೆ. ಒಂದು, ಘಟಕದ ಮೆಂಬ್ರೇನ್ ಕೆಲಸ ಮಾಡುತ್ತಿರಬೇಕು. ನೀರಿನಲ್ಲಿ ಕರಗಿದ ಒಟ್ಟು ಲವಣಗಳನ್ನು ಅಳೆಯುವ ಟಿ.ಡಿ.ಎಸ್. ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ, ಆದರೆ ಕಳೆದ ತಿಂಗಳು 60 ತೋರಿಸುತ್ತಿದ್ದದ್ದು ಈಗ 400 ತೋರಿಸಿದರೆ ಮೆಂಬ್ರೇನ್ ಕೆಟ್ಟಿದೆ ಎಂದು ತಿಳಿಯಬಹುದು. ಇನ್ನೊಂದು, ಆರ್.ಒ. ನೀರನ್ನೂ ಕುದಿಸಲೇಬೇಕು. ಘಟಕದಿಂದ ಬಂದಾಗ ಶುದ್ಧವಾಗಿದ್ದ ನೀರು ಒಳಗೆ ಕೈ ಹೋಗದ ಆ ಕ್ಯಾನಿನಲ್ಲಿ, ಮುಚ್ಚಳವಿಲ್ಲದ ಬಿಂದಿಗೆಯಲ್ಲಿ ಮತ್ತೆ ಕೆಡುತ್ತದೆ. ಕಂಪನಿಯ ಬಾಟಲಿ ನೀರಿಗೂ ಇದೇ ನಿಯಮ. ಆರ್.ಒ. ನೀರಿನಲ್ಲಿ ಸತ್ತ್ವವಿಲ್ಲ ಎಂದು ಹಿರಿಯರು ಹೇಳುವುದುಂಟು. ಕೂಸಿಗೆ ಬೇಕಾದ ಲವಣಗಳೆಲ್ಲ ಪುಡಿಯಲ್ಲೇ ಇರುವುದರಿಂದ ಆ ಚಿಂತೆ ಬೇಡ.

ನೀರನ್ನು ಪರೀಕ್ಷೆ ಮಾಡಿಸುವುದು ಕಷ್ಟದ ಕೆಲಸವೇನಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ನೀರು ಪರೀಕ್ಷಾ ಕಿಟ್ ಕೊಟ್ಟು, ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ಪಂಚಾಯಿತಿಯಲ್ಲಿ ಕೇಳಿ. ಕಿಟ್‌ನ ಬಣ್ಣ ನೋಡಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಶುಭ್ರ ಬಾಟಲಿ ನೀರು ಕಳಿಸಿ. ಫ್ಲೋರೈಡ್ ಮತ್ತು ನೈಟ್ರೇಟ್ ಎರಡನ್ನೂ ಹೆಸರು ಹೇಳಿ ಕೇಳಿ. ಹೆರಿಗೆಗೆ ತಿಂಗಳಿರುವಾಗಲೇ ಇದನ್ನು ಮಾಡಿಸಿಟ್ಟುಕೊಂಡರೆ ಒಳ್ಳೆಯದು, ಮಗಳು ಬಾಣಂತನಕ್ಕೆ ಬರುವ ತವರಿನ ನೀರನ್ನಂತೂ ಮರೆಯಬಾರದು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿದ ಕೆರೆಗಳ ಪಕ್ಕದ ಬೋರ್ ಆದರೆ ಹೊಸದಾಗಿ ಪರೀಕ್ಷೆ ಮಾಡಿಸಿ. ಆ ನೀರು ತಂದದ್ದು ಅಂತರ್ಜಲ ಏರಿಸಲು, ಕುಡಿಯಲು ಅಲ್ಲ. ಕೆರೆ ತುಂಬಿದ ಮೇಲೆ ಹಳೆಯ ವರದಿ ಹಳೆಯದೇ.

ಡಬ್ಬಿಯ ಮೇಲೆ ಓದಬೇಕಾದದ್ದು

ಮೊದಲು ವಯಸ್ಸು. ಒಂದನೇ ಹಂತದ ಪುಡಿ ಹುಟ್ಟಿನಿಂದ ಆರು ತಿಂಗಳವರೆಗೆ. ಎರಡು, ಮೂರು, ನಾಲ್ಕನೇ ಹಂತಗಳು ಆಮೇಲಿನವು. ಮೂರು ತಿಂಗಳ ಕೂಸಿಗೆ ಎರಡನೇ ಹಂತ ಕೊಟ್ಟರೆ ಬೇಗ ಬಲಿಯುತ್ತದೆ ಎಂಬುದು ತಪ್ಪು. ಅದರ ಪ್ರೋಟೀನ್ ಹೊರೆ ಎಳೆಯ ಮೂತ್ರಪಿಂಡಕ್ಕೆ ಸರಿಯಲ್ಲ. ಆಮೇಲೆ ಪದಾರ್ಥಗಳ ಪಟ್ಟಿ. ಕಾರ್ಬೋಹೈಡ್ರೇಟ್‌ಗಳಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಮೊದಲಿಗೆ ಇರುವುದು ಒಳ್ಳೆಯದು, ಎದೆಹಾಲಿನಲ್ಲಿರುವುದೂ ಅದೇ. ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್ಟ್ರಿನ್ ಇದ್ದರೆ ವಿಷವೇನಲ್ಲ, ಆದರೆ ಎರಡರಲ್ಲಿ ಒಂದನ್ನು ಆರಿಸುವಾಗ ಲ್ಯಾಕ್ಟೋಸ್ ಮಾತ್ರ ಇರುವುದನ್ನು ಆರಿಸಬಹುದು. ಸುಕ್ರೋಸ್, ಅಂದರೆ ನಾವು ಕಾಫಿಗೆ ಹಾಕುವ ಸಕ್ಕರೆ, ಪಟ್ಟಿಯಲ್ಲಿದ್ದರೆ ಆ ಡಬ್ಬಿ ಬಿಡಿ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಪಬ್ಲಿಕ್ ಐ ಸಂಸ್ಥೆ ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆ ಇದೆ ಎಂದು ಹೇಳಿದಾಗ ಎದ್ದ ಗದ್ದಲ ನೆನಪಿರಬಹುದು. ಅದು ಆರು ತಿಂಗಳ ಮೇಲಿನ ಧಾನ್ಯದ ಆಹಾರ, ಪುಡಿ ಹಾಲಲ್ಲ. ಆದರೂ ಪಟ್ಟಿ ಓದುವ ಅಭ್ಯಾಸ ಎರಡಕ್ಕೂ ಒಂದೇ.

ಬೆಲೆ ಏರುವುದು ಡಿ.ಎಚ್.ಎ., ಪ್ರೀಬಯಾಟಿಕ್, ಪ್ರೋಬಯಾಟಿಕ್, ಎಚ್.ಎಂ.ಒ., ನ್ಯೂಕ್ಲಿಯೊಟೈಡ್ ಎಂದು ಹೆಚ್ಚುವರಿಯಾಗಿ ಸೇರಿಸಿದ ಅಂಶಗಳ ಹೆಸರುಗಳಿಂದ. ಇವುಗಳಿಂದ ಆರೋಗ್ಯವಂತ ಕೂಸಿನ ಬುದ್ಧಿಯೋ ತೂಕವೋ ಖಚಿತವಾಗಿ ಹೆಚ್ಚುತ್ತದೆ ಎನ್ನಲು ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ. ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ, ತೊಂದರೆಯಿಲ್ಲ. ಆದರೆ ದುಬಾರಿ ಡಬ್ಬಿ ತಂದು ತಿಂಗಳ ಕೊನೆಗೆ ನೀರು ಹೆಚ್ಚಿಸಿ ಕುಡಿಸುವುದಕ್ಕಿಂತ ಅಗ್ಗದ ಡಬ್ಬಿಯನ್ನು ಅಳತೆ ತಪ್ಪದೆ ಕುಡಿಸುವುದು ಸಾವಿರ ಪಾಲು ಮೇಲು.

ತಿಂಗಳ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು ಎನ್ನುವುದು ಅದಕ್ಕೇ. ದಿನಕ್ಕೆ 600 ಮಿ.ಲೀ. ಹಾಲಿಗೆ ಸುಮಾರು 18 ಅಳತೆ ಚಮಚ, ಅಂದರೆ 80 ಗ್ರಾಂ ಪುಡಿ. 400 ಗ್ರಾಮಿನ ಪೆಟ್ಟಿಗೆ ಐದು ದಿನಕ್ಕೆ ಖಾಲಿ; ತಿಂಗಳಿಗೆ ಆರು ಪೆಟ್ಟಿಗೆ. ನಾಲ್ಕು ತಿಂಗಳ ಹೊತ್ತಿಗೆ ಅದು ಎಂಟಕ್ಕೆ ಏರುತ್ತದೆ. ಅಗ್ಗದ್ದಾದರೂ ತಿಂಗಳಿಗೆ ಎರಡೂವರೆ ಮೂರು ಸಾವಿರ, ದುಬಾರಿಯದ್ದಾದರೆ ಐದು ಸಾವಿರಕ್ಕೆ ಕಡಿಮೆಯಿಲ್ಲ. ಆರು ತಿಂಗಳ ಖರ್ಚು ಹೊರಬಲ್ಲ ಡಬ್ಬಿ ಯಾವುದೋ ಅದೇ ನಿಮ್ಮ ಡಬ್ಬಿ.

ಅಳತೆ ತಪ್ಪಿದರೆ

ಹೆಚ್ಚಿನ ಕಂಪನಿಗಳದ್ದು 30 ಮಿ.ಲೀ. ನೀರಿಗೆ ಒಂದು ಸಮ ಚಮಚ. ಆದರೆ ಚಮಚದ ಗಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಡಬ್ಬಿಯ ಚಮಚವನ್ನು ಹೊಸದಕ್ಕೆ ಬಳಸಬಾರದು, ಅಡುಗೆ ಮನೆಯ ಚಮಚವನ್ನಂತೂ ಬೇಡವೇ ಬೇಡ. ಚಮಚ ತುಂಬಿ, ಒಣ ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ; ಒತ್ತಿ ತುಂಬಬೇಡಿ. ನೀರು ಮೊದಲು, ಪುಡಿ ಆಮೇಲೆ. ಪುಡಿ ಹಾಕಿ ಅದರ ಮೇಲೆ 60 ಮಿ.ಲೀ. ಗೆರೆಗೆ ನೀರು ತುಂಬಿದರೆ ನೀರು ಕಡಿಮೆ ಬಿದ್ದು ಹಾಲು ಗಟ್ಟಿಯಾಗುತ್ತದೆ.

ಮನೆಯ ಲೋಟದ, ಬಾಟಲಿಯ ಗೆರೆಯನ್ನು ಒಮ್ಮೆ ಪರೀಕ್ಷಿಸಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 10 ಮಿ.ಲೀ. ಸಿರಿಂಜಿನಿಂದ (ಸೂಜಿ ಬೇಡ) ಮೂರು ಸಲ ನೀರು ಎಳೆದು ಹಾಕಿ, ಎಲ್ಲಿಗೆ ನಿಂತಿತೋ ಅಲ್ಲಿ ಗುರುತು ಮಾಡಿ. ಅದು ನಿಜವಾದ 30 ಮಿ.ಲೀ. ಮನೆಯ ಒಳಲೆಗೆ ಎಷ್ಟು ಹಿಡಿಯುತ್ತದೆ ಎಂಬುದನ್ನೂ ಇದೇ ರೀತಿ ಅಳೆದಿಡಿ. ಅಜ್ಜಿಯ ಬೆಳ್ಳಿ ಒಳಲೆಗೂ ಆಸ್ಪತ್ರೆಯಲ್ಲಿ ಕೊಟ್ಟ ಸ್ಟೀಲಿನದಕ್ಕೂ ಅಳತೆ ಒಂದೇ ಇರುವುದಿಲ್ಲ. "ಆರು ಒಳಲೆ ಕುಡೀತು" ಎಂದರೆ ವೈದ್ಯರಿಗೆ ಏನೂ ಅರ್ಥವಾಗುವುದಿಲ್ಲ; 60 ಮಿ.ಲೀ. ಎಂದರೆ ಆಗುತ್ತದೆ.

ಡಬ್ಬಿ ಹೆಚ್ಚು ದಿನ ಬರಲಿ ಎಂದು 30ರ ಬದಲು 60 ಮಿ.ಲೀ. ನೀರಿಗೆ ಒಂದು ಚಮಚ ಹಾಕಿದರೆ ಹೊಟ್ಟೆ ತುಂಬುತ್ತದೆ, ಕೂಸು ಮಲಗುತ್ತದೆ, ತೂಕ ನಿಲ್ಲುತ್ತದೆ. ಹೆಚ್ಚಿನ ನೀರಿನಿಂದ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಪುಷ್ಟಿಯಾಗಲಿ ಎಂದು ಚಮಚ ಗೋಪುರ ತುಂಬಿದರೆ ಇದರ ಉಲ್ಟಾ: ಮಲ ಗಟ್ಟಿ, ಬಾಯಾರಿಕೆ, ಬಾಯಾರಿ ಅಳುವ ಕೂಸನ್ನು ಹಸಿವೆಂದು ತಿಳಿದು ಮತ್ತೊಂದು ಗಟ್ಟಿ ಹಾಲು, ಕೊನೆಗೆ ಸೋಡಿಯಂ ಏರಿ ನಿರ್ಜಲೀಕರಣ. ಬೇಸಿಗೆಯಲ್ಲಿ ಇದು ಬೇಗ ಕೈಮೀರುತ್ತದೆ.

ಎಷ್ಟು ಕುಡಿಸಬೇಕು ಎಂಬುದಕ್ಕೆ ಒಂದು ಸರಳ ಸೂತ್ರ ಇದೆ. ಮೊದಲ ದಿನ ತೂಕದ ಪ್ರತಿ ಕೆ.ಜಿ.ಗೆ ಸುಮಾರು 60 ಮಿ.ಲೀ., ದಿನಕ್ಕೆ 20ರಂತೆ ಏರಿಸಿ ವಾರದೊಳಗೆ 150 ಮಿ.ಲೀ. 3 ಕೆ.ಜಿ. ಕೂಸಿಗೆ ದಿನಕ್ಕೆ 450. ಎಂಟು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 55ರಿಂದ 60. ಇದು ಅಂದಾಜು ಮಾತ್ರ. ಮುಖ ತಿರುಗಿಸಿದ ಕೂಸಿಗೆ ಉಳಿದದ್ದನ್ನು ಒತ್ತಾಯದಿಂದ ಹುಯ್ಯಬಾರದು.

70 ಡಿಗ್ರಿಯ ವಿಷಯ

ಪುಡಿ ಹಾಲು ಪೂರ್ತಿ ಕ್ರಿಮಿರಹಿತವಲ್ಲ. ಇದು ಹಲವರಿಗೆ ತಿಳಿಯದ ಮಾತು. ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲೂ ಬದುಕಬಲ್ಲದು. ಎರಡು ತಿಂಗಳೊಳಗಿನ, ತಿಂಗಳು ತುಂಬದ ಅಥವಾ ತೂಕ ಕಡಿಮೆಯ ಕೂಸಿಗೆ ಅದರಿಂದ ಮಿದುಳಿನ ಸೋಂಕು ತಗಲಬಹುದು. 2022ರಲ್ಲಿ ಅಮೆರಿಕದಲ್ಲಿ ಅಬಾಟ್ ಕಂಪನಿ ಮಿಷಿಗನ್ ಕಾರ್ಖಾನೆಯ ಪುಡಿಯನ್ನು ಹಿಂದಕ್ಕೆ ಕರೆಸಿಕೊಂಡದ್ದು ಈ ಬ್ಯಾಕ್ಟೀರಿಯಾದ ಭಯದಿಂದಲೇ. ಇದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ 70 ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಬೇಕು ಎಂದಿತು. ನಮ್ಮ ಎಷ್ಟೋ ಡಬ್ಬಿಗಳ ಮೇಲೆ "ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು" ಎಂದಿರುತ್ತದೆ. ಉಗುರುಬೆಚ್ಚಗಿನ ನೀರು ಈ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಸುತ್ತದೆ. ಪ್ರೋಬಯಾಟಿಕ್ ಬೆರೆಸಿದ ಪುಡಿಗಳಲ್ಲಿ ಬಿಸಿ ನೀರು ಆ ಒಳ್ಳೆಯ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ, ನಿಜ. ಎಳೆಗೂಸಿನ ಮಟ್ಟಿಗೆ ಸೋಂಕಿನ ಭಯವೇ ದೊಡ್ಡದು. ಹಾಗಾಗಿ ಮೊದಲ ಎರಡು ತಿಂಗಳು ಪ್ರೋಬಯಾಟಿಕ್ ಇಲ್ಲದ ಸಾದಾ ಪುಡಿ ಆರಿಸಿ, ಬಿಸಿ ನೀರಿನಲ್ಲೇ ಕಲಸುವುದು ಲೇಸು.

ಮಾಡುವ ಕ್ರಮ ಹೀಗೆ. ಕೈ ಸೋಪಿನಿಂದ ತೊಳೆದು, ಮೊದಲೇ ಐದು ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿ ಕುದಿಸಿದ ಲೋಟ, ಒಳಲೆ ತೆಗೆದಿಡಿ. ನೀರು ಮರಳುವವರೆಗೆ ಕುದಿಸಿ, ಇಳಿಸಿ. ಒಂದು ಲೀಟರ್ ನೀರು ಮುಚ್ಚಿಟ್ಟರೆ ಅರ್ಧ ಗಂಟೆಯವರೆಗೆ 70 ಡಿಗ್ರಿ ಮೇಲಿರುತ್ತದೆ. ಒಂದೇ ಲೋಟ ನೀರಾದರೆ ಬಹಳ ಬೇಗ ಆರುತ್ತದೆ, ಆದ್ದರಿಂದ ಆಗಲೇ ಅಳೆದು ಪುಡಿ ಹಾಕಿ. ಗಂಟಿಲ್ಲದಂತೆ ಕಲಕಿ, ಲೋಟವನ್ನು ತಣ್ಣೀರಿನ ಪಾತ್ರೆಯಲ್ಲಿ ಅರ್ಧ ಮುಳುಗಿಸಿ ತಣಿಸಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ, ಬಿಸಿ ತಾಗಬಾರದು. ರಾತ್ರಿಗೆಂದು ಹಾಲನ್ನೇ ಕಲಸಿ ಫ್ಲಾಸ್ಕಿಗೆ ಹಾಕಿಡುವುದು ಅಪಾಯ, ಅದು ಕ್ರಿಮಿಗಳಿಗೆ ಹೇಳಿ ಮಾಡಿಸಿದ ಜಾಗ. ಕುದಿಯುವ ನೀರನ್ನು ಮಾತ್ರ ಒಳ್ಳೆಯ ಸ್ಟೀಲ್ ಫ್ಲಾಸ್ಕಿಗೆ ತುಂಬಿಡಿ, ಕೂಸು ಎದ್ದಾಗ ಕಲಸಿ. ಕಲಸಿದ ಹಾಲು ಎರಡು ಗಂಟೆಯೊಳಗೆ ಮುಗಿಯಬೇಕು. ಕುಡಿದು ಬಿಟ್ಟದ್ದನ್ನು ಚೆಲ್ಲಿ, ಮತ್ತೆ ಬಿಸಿ ಮಾಡಬೇಡಿ. ಒಡೆದ ಪೆಟ್ಟಿಗೆಯ ಪುಡಿಯನ್ನು ಗಾಳಿಯಾಡದ ಒಣ ಡಬ್ಬಿಯಲ್ಲಿಟ್ಟು, ಒಡೆದ ತಾರೀಖು ಬರೆದು, ಪೆಟ್ಟಿಗೆ ಮೇಲೆ ಹೇಳಿದ ವಾರಗಳೊಳಗೆ ಮುಗಿಸಿ.

ಬಾಟಲಿಗಿಂತ ಒಳಲೆ ಮೇಲು. ರಬ್ಬರ್ ನಿಪ್ಪಲ್ಲಿನ ಒಳಗೆ ಜಿಡ್ಡು ಉಳಿಯುತ್ತದೆ, ಒಳಲೆಯಲ್ಲಿ ಉಳಿಯಲು ಜಾಗವೇ ಇಲ್ಲ. ಕುಡಿಸುವಾಗ ಕೂಸನ್ನು ತೊಡೆಯ ಮೇಲೆ ತಲೆ ಎತ್ತರಕ್ಕೆ ಬರುವಂತೆ ಒರಗಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಅಂಚಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟೇ ಬಾಗಿಸಿ. ಕೂಸು ತಾನೇ ನೆಕ್ಕಿ ನುಂಗುತ್ತದೆ. ಮಲಗಿಸಿ, ಮೂಗು ಹಿಡಿದು ಗಂಟಲಿಗೆ ಹುಯ್ಯುವ ಹಳೆಯ ಪದ್ಧತಿಯಲ್ಲಿ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಲಿನ ಸೀಮೆಯ ಆಸೆ

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಸುವಿಲ್ಲದ ಮನೆ ಕಡಿಮೆ. ಕೊಟ್ಟಿಗೆಯಲ್ಲೇ ಹಾಲು ಕರೆಯುವಾಗ ಸಾವಿರಾರು ರೂಪಾಯಿ ಡಬ್ಬಿಗೆ ಯಾಕೆ ಸುರಿಯಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಕೂಸಿನ ಹೊಟ್ಟೆಯಲ್ಲಿದೆ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಪ್ರೋಟೀನ್ ಸುಮಾರು 3.3 ಗ್ರಾಂ, ಎದೆಹಾಲಿನಲ್ಲಿ ಒಂದು ಗ್ರಾಮಿನ ಆಸುಪಾಸು. ಸೋಡಿಯಂ ಹೆಚ್ಚು, ಕಬ್ಬಿಣ ಅತಿ ಕಡಿಮೆ. ಇದರ ಮೇಲೆ ಎಳೆಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವಂತೆಯೂ ಮಾಡುತ್ತದೆ. ಅರ್ಧ ನೀರು ಬೆರೆಸಿ ಸಕ್ಕರೆ ಹಾಕಿದರೆ ಪ್ರೋಟೀನ್ ಇಳಿಯುತ್ತದೆ, ಆದರೆ ಮೊದಲೇ ಇಲ್ಲದ ಕಬ್ಬಿಣ ಇನ್ನೂ ಅರ್ಧವಾಗುತ್ತದೆ. ಬಿಳಿಚಿಕೊಂಡ ಆರೇಳು ತಿಂಗಳ ಮಕ್ಕಳ ಹಿಂದೆ ಹಲವು ಸಲ ಇದೇ ಕಾರಣ. ಮೇಕೆ ಹಾಲಿನಲ್ಲಿ ಇದರ ಜೊತೆಗೆ ಫೋಲೇಟೂ ಕಡಿಮೆ. ವರ್ಷ ತುಂಬುವವರೆಗೆ ಇವು ಮುಖ್ಯ ಹಾಲಾಗಬಾರದು.

ಹಾಗೆಯೇ ಶಾಲೆ, ಅಂಗನವಾಡಿ ಮಕ್ಕಳಿಗೆ ಕ್ಷೀರಭಾಗ್ಯದಲ್ಲಿ ಕೊಡುವ ನಂದಿನಿ ಹಾಲಿನ ಪುಡಿ, ಕಾಫಿಗೆ ಬಳಸುವ ಡೇರಿ ವೈಟ್ನರ್. ಇವು ಹಾಲಿನ ಪುಡಿಯೇ ಹೊರತು ಶಿಶುವಿನ ಪುಡಿ ಹಾಲಲ್ಲ. ಅಕ್ಕನ ಪಾಲಿನ ಪುಡಿಯನ್ನು ತಮ್ಮನಿಗೆ ಕಲಸಿ ಕೊಡಬಾರದು.

ವಿಶೇಷ ಡಬ್ಬಿಗಳ ಬಗ್ಗೆ ಎರಡು ಮಾತು. ಹೊಟ್ಟೆಯುಬ್ಬರಕ್ಕೆ, ಹಸಿರು ಮಲಕ್ಕೆ ಲ್ಯಾಕ್ಟೋಸ್ ರಹಿತ ಪುಡಿಯನ್ನು ಅಂಗಡಿಯಲ್ಲೇ ಹೇಳಿ ಕೊಟ್ಟುಬಿಡುತ್ತಾರೆ. ಹುಟ್ಟಿನಿಂದ ಲ್ಯಾಕ್ಟೋಸ್ ಒಗ್ಗದ ಕೂಸು ಬಲು ಅಪರೂಪ, ಜೋರು ಭೇದಿಯ ಆನಂತರ ಕೆಲವು ದಿನ ಒಗ್ಗದಿರಬಹುದು ಅಷ್ಟೇ. ಮಲದಲ್ಲಿ ರಕ್ತ, ಮೈಮೇಲೆ ಕಜ್ಜಿ, ಬಿಡದ ವಾಂತಿ ಇದ್ದರೆ ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಅದಕ್ಕೆ ಪ್ರೋಟೀನನ್ನು ಚೂರುಚೂರು ಮಾಡಿದ ಬೇರೆಯದೇ ಪುಡಿ ಬೇಕು, ಲ್ಯಾಕ್ಟೋಸ್ ರಹಿತವಾಗಲಿ ಮೇಕೆ ಹಾಲಿನದಾಗಲಿ ಉಪಯೋಗವಿಲ್ಲ. ತೂಕ ಕಡಿಮೆಯ ಕೂಸಿನ ಪುಡಿಯಲ್ಲಿ 100 ಮಿ.ಲೀ.ಗೆ 80 ಕಿಲೊಕ್ಯಾಲರಿಯಷ್ಟು ಶಕ್ತಿ. ಅದನ್ನು ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದ ವೈದ್ಯರು ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ.

ಕಾನೂನು, ಕೆಲಸ, ಆರು ತಿಂಗಳ ಆಚೆ

1992ರ ಶಿಶು ಹಾಲಿನ ಬದಲಿಗಳ ಕಾಯ್ದೆ 2003ರಲ್ಲಿ ತಿದ್ದುಪಡಿಯಾಗಿ, ಎರಡು ವರ್ಷದವರೆಗಿನ ಮಕ್ಕಳ ಆಹಾರದ ಜಾಹೀರಾತು, ರಿಯಾಯಿತಿ, ಉಚಿತ ಸ್ಯಾಂಪಲ್, ಉಡುಗೊರೆ ಎಲ್ಲವನ್ನೂ ನಿಷೇಧಿಸಿದೆ. ಡಬ್ಬಿಯ ಮೇಲೆ ಮಗುವಿನ ಚಿತ್ರವೂ ಇರುವಂತಿಲ್ಲ. ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು. ಹೆರಿಗೆ ವಾರ್ಡಿನಲ್ಲಿ ಯಾರಾದರೂ ಉಚಿತ ಡಬ್ಬಿ ಕೈಗಿಟ್ಟರೆ ಅದು ಉಪಕಾರವಲ್ಲ, ಅಪರಾಧ. ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬಹುದು, ಎದೆಹಾಲಿನ ಪರ ಕೆಲಸ ಮಾಡುವ ಬಿ.ಪಿ.ಎನ್.ಐ. ಮತ್ತು ಗ್ರಾಹಕರ ಪರವಾದ ಎಕ್ಯಾಶ್ ಸಂಸ್ಥೆಗಳಿಗೂ ಈ ಕಾಯ್ದೆಯಡಿ ದೂರು ಹೂಡುವ ಅಧಿಕಾರವಿದೆ.

ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳಿಗೆ, ರೈಲು ಹತ್ತಿ ಬೆಂಗಳೂರಿಗೆ ಹೋಗುವ ತಾಯಂದಿರಿಗೆ ಪೂರ್ತಿ ಡಬ್ಬಿಗೆ ಇಳಿಯುವ ಅಗತ್ಯವಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಐವತ್ತು ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ ಶಿಶುಪಾಲನಾ ಕೇಂದ್ರ, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಅವಕಾಶ. ಇದು ಸಿಗದವರು ಹಾಲು ಹಿಂಡಿಟ್ಟು ಹೋಗಬಹುದು: ಶುಭ್ರ ಸ್ಟೀಲ್ ಡಬ್ಬಿಯಲ್ಲಿ, ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ. ಹೊರಡುವ ಮುಂಚೆ, ಬಂದ ಕೂಡಲೆ, ರಾತ್ರಿಯಿಡೀ ಮೊಲೆಹಾಲು. ನಡುವಿನ ಎರಡು ಮೂರು ಸಲಕ್ಕೆ ಮಾತ್ರ ಪುಡಿ. ಹೀಗೆ ಮಾಡಿದರೆ ತಿಂಗಳಿಗೆ ಆರು ಪೆಟ್ಟಿಗೆಯ ಜಾಗದಲ್ಲಿ ಎರಡು ಸಾಕು. ಪೂರ್ತಿ ಡಬ್ಬಿಗೆ ಇಳಿದವರೂ ಹೆಚ್ಚು ಹೆಚ್ಚು ಸಲ ಮೊಲೆಗೆ ಹಾಕುತ್ತಾ ಬಂದರೆ ವಾರಗಳಲ್ಲಿ ಹಾಲು ಮರಳುವುದುಂಟು.

ಆರು ತಿಂಗಳು ತುಂಬಿದ ಮೇಲೆ ಎರಡನೇ ಹಂತದ ಡಬ್ಬಿ ಕಡ್ಡಾಯವೇನಲ್ಲ. ಒಂದನೇ ಹಂತದ ಪುಡಿಯನ್ನೇ ವರ್ಷದವರೆಗೆ ಮುಂದುವರಿಸಬಹುದು, ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಮುಂದಿನ ಹಂತದ ಪುಡಿಗಳು ಅಗತ್ಯವಿಲ್ಲ ಎಂದೇ. ಈಗ ಹೊಸದಾಗಿ ಬೇಕಾದದ್ದು ಊಟ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಸರಿ, ಬೇಳೆ ಕಟ್ಟು, ಮಸೆದ ಅನ್ನ ತರಕಾರಿ, ತಿನ್ನುವ ಮನೆಯಾದರೆ ಮೊಟ್ಟೆ. ಸರಿಯನ್ನು ಒಳಲೆಯಿಂದ ಹುಯ್ಯುವಷ್ಟು ತೆಳ್ಳಗೆ ಮಾಡದೆ, ಚಮಚ ಓರೆ ಮಾಡಿದರೆ ಸುಲಭವಾಗಿ ಜಾರದಷ್ಟು ಗಟ್ಟಿಯಾಗಿ ಕಾಯಿಸಿ. ಇದಕ್ಕೂ ಅದೇ ಆರ್.ಒ. ನೀರು. ವರ್ಷ ತುಂಬಿದ ಮೇಲೆ ಡಬ್ಬಿ ನಿಲ್ಲಿಸಿ ಕಾಯಿಸಿದ ಹಸುವಿನ ಹಾಲನ್ನು ದಿನಕ್ಕೆ 400ರಿಂದ 500 ಮಿ.ಲೀ. ಒಳಗೆ ಕೊಡಬಹುದು. ಅದಕ್ಕಿಂತ ಹೆಚ್ಚಾದರೆ ಮಗು ಊಟ ಬಿಡುತ್ತದೆ, ಕಬ್ಬಿಣದ ಕೊರತೆ ಮತ್ತೆ ಶುರುವಾಗುತ್ತದೆ. ಮೂರು, ನಾಲ್ಕನೇ ಹಂತದ ಪೆಟ್ಟಿಗೆಗಳ ದುಡ್ಡನ್ನು ಮೊಟ್ಟೆ, ಬೇಳೆ, ಹಣ್ಣಿಗೆ ಇಡಿ.